ಹಿಂದೂಪುರದ ಗಾಳಿಗೂ ಒಂದು ಲೆಕ್ಕ ಬೇಕು

ಚಳಿಗಾಲ ಬಂತೆಂದರೆ ಪತ್ರಿಕೆಗಳ ಮುಖಪುಟದಲ್ಲಿ ದೆಹಲಿಯ ಗಾಳಿಯ ಅಂಕಿ ಕಾಣಿಸಿಕೊಳ್ಳುತ್ತದೆ. ಮುನ್ನೂರು, ನಾನ್ನೂರು ಎಂಬ ಆ ಸಂಖ್ಯೆಗಳು ಆಂಧ್ರದ ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಪತ್ರಿಕೆ ಓದುವವರಿಗೆ ಯಾರದೋ ದೂರದ ಊರಿನ ಕಷ್ಟದಂತೆ ತೋರುತ್ತವೆ. ಹಾಗೆ ತೋರಲು ಸರ್ಕಾರದ ಪಟ್ಟಿಯೂ ಒಂದು ಕಾರಣ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ 131 ನಗರಗಳಿವೆ. ಆಂಧ್ರಪ್ರದೇಶದ ವಿಶಾಖಪಟ್ಟಣ, ವಿಜಯವಾಡ, ಕರ್ನೂಲು, ಕಡಪ, ಅನಂತಪುರ ಮೊದಲಾದವು ಅದರಲ್ಲಿವೆ. ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಒಂದೂವರೆ ಲಕ್ಷ ಜನರಿರುವ ಹಿಂದೂಪುರ ಇಲ್ಲ, ಕಲ್ಯಾಣದುರ್ಗವೂ ಇಲ್ಲ. ಇಲ್ಲ ಎಂದ ಮೇಲೆ ಇಲ್ಲಿನ ಗಾಳಿ ಚೆನ್ನಾಗಿಯೇ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ಆ ಪಟ್ಟಿ ತಯಾರಾದ ಬಗೆಯನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಮೊದಲೇ ಮಾಪನ ಕೇಂದ್ರಗಳಿದ್ದ ಊರುಗಳಲ್ಲಿ, ಕೆಲವು ವರ್ಷಗಳ ಅಳತೆ ಸತತವಾಗಿ ಮಿತಿ ಮೀರಿದ್ದನ್ನು ನೋಡಿ ಅವುಗಳನ್ನು ಪಟ್ಟಿಗೆ ಸೇರಿಸಿದರು. ಅಳೆಯುವ ಏರ್ಪಾಡೇ ಇಲ್ಲದ ಊರಿನ ಗಾಳಿ ಎಷ್ಟೇ ಕೆಟ್ಟಿದ್ದರೂ ಆ ಪಟ್ಟಿ ಸೇರಲು ದಾರಿಯಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಗಾಳಿ ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಯಾರೂ ಇತ್ತ ನೋಡಿಲ್ಲ ಎಂಬುದಕ್ಕಷ್ಟೇ ಸಾಕ್ಷಿ. ಗಾಳಿಯನ್ನು ಅಳೆಯುವುದು ಮಹಾನಗರಗಳಿಗೆ ಮೀಸಲಾದ ಸೌಲಭ್ಯವಾಗಬಾರದು; ಕುಡಿಯುವ ನೀರಿನ ಪರೀಕ್ಷೆಯಂತೆ ಅದು ಸಣ್ಣ ಪಟ್ಟಣಗಳ ಹಕ್ಕೂ ಹೌದು.

ಮೊದಲು ಅಳೆಯುವುದು ಏನನ್ನು ಎಂದು ತಿಳಿಯಬೇಕು. ದೇಶದ ವಾಯು ಗುಣಮಟ್ಟ ಸೂಚ್ಯಂಕ 2015ರಲ್ಲಿ ಜಾರಿಗೆ ಬಂತು. ಅದು ಎಂಟು ಮಾಲಿನ್ಯಕಾರಕಗಳನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಅವುಗಳಲ್ಲಿ ನಮ್ಮ ಕಡೆ ಮುಖ್ಯವಾದವು ಎರಡು ಗಾತ್ರದ ಕಣಗಳು: ಹತ್ತು ಮೈಕ್ರಾನ್‌ಗಿಂತ ಚಿಕ್ಕವಾದ ಪಿಎಂ 10, ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕವಾದ ಪಿಎಂ 2.5. ನಮ್ಮ ತಲೆಗೂದಲಿನ ದಪ್ಪ ಐವತ್ತರಿಂದ ಎಪ್ಪತ್ತು ಮೈಕ್ರಾನ್. ದಪ್ಪ ಕಣಗಳಲ್ಲಿ ಹೆಚ್ಚಿನವು ಮೂಗು, ಗಂಟಲು, ಶ್ವಾಸನಾಳದ ದೊಡ್ಡ ಕವಲುಗಳಲ್ಲೇ ಸಿಕ್ಕಿಬೀಳುತ್ತವೆ. ಕೆಮ್ಮಿನಲ್ಲಿ, ಕಫದಲ್ಲಿ ಒಂದಷ್ಟು ಹೊರಗೂ ಬರುತ್ತವೆ. ಸಣ್ಣ ಕಣಗಳಿಗೆ ಈ ತಡೆಗಳಿಲ್ಲ. ಅವು ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ, ಅತಿ ಸೂಕ್ಷ್ಮವಾದವು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ವಯಸ್ಕರೊಬ್ಬರು ದಿನಕ್ಕೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ ಉಸಿರಾಡುತ್ತಾರೆ. ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ನೀರು ಕೆಟ್ಟಿದ್ದರೆ ಬೇರೆ ಬಾವಿಯ ನೀರು ತರಬಹುದು. ಗಾಳಿಯಲ್ಲಿ ಆ ಆಯ್ಕೆ ಇಲ್ಲ.

ಗಾಳಿ ಕೆಟ್ಟರೆ ಕೆಮ್ಮು, ಉಬ್ಬಸ ಎಂದಷ್ಟೇ ಸಾಮಾನ್ಯ ತಿಳಿವಳಿಕೆ. ವೈದ್ಯಕೀಯ ಸಾಕ್ಷ್ಯ ಇದಕ್ಕಿಂತ ತುಂಬ ಮುಂದೆ ಹೋಗಿದೆ. ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ಹುಟ್ಟಿಸಿದ ಉರಿಯೂತ ರಕ್ತನಾಳಗಳಿಗೂ ಹಬ್ಬುತ್ತದೆ. ರಕ್ತ ಹೆಪ್ಪುಗಟ್ಟುವುದು ಹೆಚ್ಚುತ್ತದೆ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಗರ್ಭಿಣಿಯರು ಇಂಥ ಗಾಳಿಯಲ್ಲಿದ್ದರೆ ಕಡಿಮೆ ತೂಕದ ಶಿಶು ಹುಟ್ಟುವ ಸಂಭವ ಹೆಚ್ಚು. ಹೊರಗಿನ ಗಾಳಿಯ ಮಾಲಿನ್ಯ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲಿ ಖಚಿತವಾಗಿ ಹೇಳಿತು. ಮನೆಯೊಳಗಿನ ಮತ್ತು ಹೊರಗಿನ ಮಾಲಿನ್ಯ ಸೇರಿ 2019ರಲ್ಲಿ ಭಾರತದಲ್ಲಿ ಸುಮಾರು 16.7 ಲಕ್ಷ ಸಾವುಗಳಿಗೆ ಕಾರಣವಾದವು ಎಂದು ಲ್ಯಾನ್ಸೆಟ್ ಪತ್ರಿಕಾ ಬಳಗದಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆ ವರ್ಷದ ಒಟ್ಟು ಸಾವುಗಳಲ್ಲಿ ಅದು ಶೇ 17.8. ಇವುಗಳಲ್ಲಿ ಯಾವುದರ ಮರಣಪತ್ರದಲ್ಲೂ ಗಾಳಿ ಎಂಬ ಕಾರಣ ಬರೆದಿರುವುದಿಲ್ಲ. ಹೃದಯಾಘಾತ, ನ್ಯುಮೋನಿಯಾ, ಶ್ವಾಸಕೋಶದ ಕಾಯಿಲೆ ಎಂದಷ್ಟೇ ಇರುತ್ತದೆ. ಕಾರಣ ಕಣ್ಣಿಗೆ ಬೀಳದೆ ಉಳಿಯುವುದರಿಂದಲೇ ಅಳತೆಗೆ ಇಷ್ಟು ಮಹತ್ವ.

ಇಲ್ಲಿ ಬರುವ ಮೊದಲ ಆಕ್ಷೇಪ, ಇದೆಲ್ಲ ದೊಡ್ಡ ನಗರಗಳ ಮಾತು, ಸಣ್ಣ ಊರಿಗೆ ಅನ್ವಯಿಸುವುದಿಲ್ಲ ಎಂಬುದು. ಗಾಳಿ ಮತ್ತು ಆರೋಗ್ಯದ ವಿಜ್ಞಾನ ಬೆಳೆದು ಬಂದ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ. 1948ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೊನೋರಾ ಎಂಬ ಊರಿನಲ್ಲಿ ಉಕ್ಕು ಮತ್ತು ಸತುವಿನ ಕಾರ್ಖಾನೆಗಳ ಹೊಗೆ ಕೆಲವು ದಿನ ನೆಲಕ್ಕೆ ಅಂಟಿಕೊಂಡು ನಿಂತಿತು. ಇಪ್ಪತ್ತು ಜನ ಸತ್ತರು, ಸಾವಿರಾರು ಜನ ಕಾಯಿಲೆ ಬಿದ್ದರು. ಆ ಊರಿನ ಜನಸಂಖ್ಯೆ ಸುಮಾರು ಹದಿನಾಲ್ಕು ಸಾವಿರ, ಕಲ್ಯಾಣದುರ್ಗಕ್ಕಿಂತ ಚಿಕ್ಕದು. ಡೊನೋರಾ ನದಿ ಕಣಿವೆಯ ಊರು, ನಮ್ಮದು ಬಯಲು. ಅಂಥ ದುರಂತ ಇಲ್ಲಿ ಆಗುತ್ತದೆ ಎಂದು ಇದರ ಅರ್ಥವಲ್ಲ. ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು 1993ರಲ್ಲಿ ಪ್ರಕಟವಾದ ಹಾರ್ವರ್ಡ್ ವಿಶ್ವವಿದ್ಯಾಲಯದ ಆರು ಊರುಗಳ ಅಧ್ಯಯನ. ಎಂಟು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಗಮನಿಸಿ, ಸಿಗರೇಟು ಸೇದುವಂಥ ಬೇರೆ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ, ಅತಿ ಹೆಚ್ಚು ಮಾಲಿನ್ಯದ ಸ್ಟೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಪೋರ್ಟೇಜ್‌ಗಿಂತ ಶೇ 26 ಹೆಚ್ಚಿತ್ತು. ಎರಡೂ ಸಣ್ಣ ಊರುಗಳೇ. ಸ್ಟೂಬೆನ್‌ವಿಲ್‌ನಲ್ಲಿ ಸೂಕ್ಷ್ಮ ಕಣಗಳ ಸರಾಸರಿ ಒಂದು ಘನ ಮೀಟರಿಗೆ ಸುಮಾರು 30 ಮೈಕ್ರೋಗ್ರಾಂ, ಪೋರ್ಟೇಜ್‌ನಲ್ಲಿ 11. ನಮ್ಮ ದೇಶ 2009ರಲ್ಲಿ ಇಟ್ಟುಕೊಂಡ ವಾರ್ಷಿಕ ಮಿತಿ 40. ಅಂದರೆ ಆ ಅಧ್ಯಯನದಲ್ಲಿ ಅತ್ಯಂತ ಕೆಟ್ಟದ್ದೆನಿಸಿದ ಊರು ಭಾರತದ ಲೆಕ್ಕದಲ್ಲಿ ಮಿತಿಯೊಳಗೇ ಇರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು. ಹಾಗಿರುವಾಗ ದೆಹಲಿಯಷ್ಟು ಕೆಟ್ಟಿಲ್ಲ ಎಂಬುದು ಸಮಾಧಾನದ ಮಾತಾಗಲಾರದು.

ಹಿಂದೂಪುರ, ಕಲ್ಯಾಣದುರ್ಗ ಈ ಎರಡು ಊರುಗಳ ಗಾಳಿ ಒಂದೇ ಬಗೆಯದಲ್ಲ. ಹಿಂದೂಪುರದ್ದು ಮುಖ್ಯವಾಗಿ ಹೊಗೆಯ ಪ್ರಶ್ನೆ. ಊರಾಚೆ ತೂಮಕುಂಟ, ಗೊಳ್ಳಾಪುರಂ ಕಡೆ ಕೈಗಾರಿಕಾ ಪ್ರದೇಶಗಳಿವೆ. ಊರೊಳಗೆ ಆಟೊ, ಬಸ್ಸು, ಲಾರಿಗಳ ಓಡಾಟ, ಹೋಟೆಲ್‌ಗಳ ಸೌದೆ ಒಲೆ, ಬೀದಿಬದಿಯಲ್ಲಿ ಸುಡುವ ಕಸ ಇವೆ. ಇದು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯ ಊರು. ಸೌದೆ ಒಲೆಯ ಮೇಲೆ ಗೂಡು ಬೇಯಿಸಿ ನೂಲು ತೆಗೆಯುವಲ್ಲಿ ಹೊಗೆ ಮತ್ತು ಹಬೆ ಎರಡನ್ನೂ ಇಡೀ ದಿನ ಉಸಿರಾಡುವವರು ಬಹುತೇಕ ಬಡ ಕೂಲಿಕಾರರು. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದ ಈ ಬಯಲಿನಲ್ಲಿ ಚಳಿಗಾಲದ ರಾತ್ರಿ ಆಕಾಶ ನಿಚ್ಚಳವಾಗಿದ್ದಾಗ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಂಪಾಗಿ, ಅದರ ಮೇಲಿನ ಪದರ ಬೆಚ್ಚಗೆ ಉಳಿದಾಗ ಹೊಗೆ ಮೇಲೇರಲಾರದೆ ಬಿಸಿಲು ಬಲಿಯುವವರೆಗೆ ಬೀದಿಮಟ್ಟದಲ್ಲೇ ಹರಡಿಕೊಂಡಿರುತ್ತದೆ. ಇದನ್ನು ಸೂಚ್ಯಂಕ ಹೇಗೆ ನೋಡುತ್ತದೆ ಎಂಬುದನ್ನು ಒಂದು ಲೆಕ್ಕ ಹಾಕಿ ತಿಳಿಯಬಹುದು. ಒಂದು ದಿನ ಮುಂಜಾನೆ ಎರಡು ಗಂಟೆ ಪಿಎಂ 2.5 ಪ್ರಮಾಣ 200 ಇದ್ದು, ಉಳಿದ ಇಪ್ಪತ್ತೆರಡು ಗಂಟೆ 40 ಇತ್ತು ಎಂದುಕೊಳ್ಳೋಣ. ಇಪ್ಪತ್ನಾಲ್ಕು ಗಂಟೆಯ ಸರಾಸರಿ 53 ಆಗುತ್ತದೆ. ದಿನದ ಮಿತಿ 60. ಆದ್ದರಿಂದ ಆ ದಿನ ‘ತೃಪ್ತಿಕರ’ ಎಂಬ ಪಟ್ಟಿಗೆ ಸೇರುತ್ತದೆ. ಆದರೆ ಆ ಎರಡು ಗಂಟೆಯಲ್ಲಿ ಬೀದಿಯಲ್ಲಿದ್ದವರು ಪೌರಕಾರ್ಮಿಕರು, ಹಾಲು ಪೇಪರು ಹಾಕುವವರು, ತರಕಾರಿ ಮಾರುವವರು, ಶಾಲೆಗೆ ಹೊರಟ ಮಕ್ಕಳು. ಅವರು ಉಸಿರಾಡಿದ್ದು 200ನ್ನು, 53ನ್ನಲ್ಲ.

ಕಲ್ಯಾಣದುರ್ಗದ್ದು ಹೆಚ್ಚಾಗಿ ಧೂಳಿನ ಪ್ರಶ್ನೆ. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್‌ನ ಆಸುಪಾಸು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಜೂನ್, ಜುಲೈ ತಿಂಗಳ ಮಾರುತ ಗಾಳಿಯನ್ನು ತರುತ್ತದೆ, ಮಳೆಯನ್ನು ತರುವುದು ಕಡಿಮೆ. ಒಳ್ಳೆಯ ಮಳೆಗೆ ಸೆಪ್ಟೆಂಬರ್ ಬರಬೇಕು. ರಾಮಗಿರಿ, ಕಲ್ಯಾಣದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಈ ಗಾಳಿಯ ರಭಸ ನೋಡಿಯೇ. ಅದೇ ರಭಸ ಒಣಗಿದ ಹೊಲಗಳ ಮೇಲ್ಮಣ್ಣನ್ನೂ ಎತ್ತಿಕೊಂಡು ಹೋಗುತ್ತದೆ. ನವಣೆ, ಸಜ್ಜೆ, ಜೋಳ, ಅಕ್ಕಡಿ ಕಾಳುಗಳು ಕಲೆತು ಬೆಳೆಯುತ್ತಿದ್ದ ಭೂಮಿಯನ್ನು ಹಲವು ದಶಕಗಳಿಂದ ಕಡಲೆಕಾಯಿ ಒಂದೇ ಆವರಿಸಿಕೊಂಡಿದೆ. ಕಡಲೆಕಾಯಿ ಕಿತ್ತ ಮೇಲೆ ಮುಂದಿನ ಬಿತ್ತನೆಯವರೆಗೆ ಮಳೆಯಾಶ್ರಿತ ಹೊಲ ತಿಂಗಳುಗಟ್ಟಲೆ ಬರಿದಾಗಿರುತ್ತದೆ. ಅಲ್ಲಿಂದ ಉತ್ತರಕ್ಕೆ, ಕಣೇಕಲ್, ಬೊಮ್ಮನಹಾಳ್ ಮಂಡಲಗಳಲ್ಲಿ ಹಗರಿ ನದಿಯ ಮರಳು ಗಾಳಿಗೆ ಸರಿದು ಹೊಲಗಳ ಮೇಲೆ ದಿಬ್ಬಗಟ್ಟಿರುವುದನ್ನು ಕಾಣಬಹುದು. ಇದರ ಜೊತೆಗೆ ಕಲ್ಲುಪುಡಿ ಮಾಡುವ ಕ್ರಷರ್‌ಗಳು, ಮಡಕಶಿರಾ ಸುತ್ತಿನ ಗ್ರಾನೈಟ್ ಕ್ವಾರಿಗಳು, ಟಾರ್ಪಾಲು ಹೊದಿಸದೆ ಓಡುವ ಟಿಪ್ಪರ್‌ಗಳು ಸೇರುತ್ತವೆ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಗಾಯದ ಕಲೆಗಳನ್ನು ಮಾಡುತ್ತಾ ಹೋಗುತ್ತದೆ. ಇದರಿಂದ ಬರುವ ಸಿಲಿಕೋಸಿಸ್‌ಗೆ ವಾಸಿಯಾಗುವ ಚಿಕಿತ್ಸೆ ಇಲ್ಲ.

ಈಗ ಎರಡೂ ಊರುಗಳಲ್ಲಿ ಒಂದೇ ದಿನ ಸೂಚ್ಯಂಕ 150 ಎಂದು ಬಂದಿತು ಎಂದುಕೊಳ್ಳಿ. ಸೂಚ್ಯಂಕದ ನಿಯಮದಂತೆ ಎಲ್ಲಕ್ಕಿಂತ ಕೆಟ್ಟಿರುವ ಮಾಲಿನ್ಯಕಾರಕದ ಅಂಕಿಯೇ ಊರಿನ ಅಂಕಿಯಾಗುತ್ತದೆ. ಪಿಎಂ 10 ಪ್ರಮಾಣ 175 ಇದ್ದರೂ 150 ಬರುತ್ತದೆ, ಪಿಎಂ 2.5 ಪ್ರಮಾಣ 75 ಇದ್ದರೂ 150 ಬರುತ್ತದೆ. ಮೊದಲನೆಯದು ಕಲ್ಯಾಣದುರ್ಗದ ಗಾಳಿಗಾಲದ ದಿನವಾಗಿರಬಹುದು, ಎರಡನೆಯದು ಹಿಂದೂಪುರದ ಚಳಿಗಾಲದ ದಿನವಾಗಿರಬಹುದು. ಜ್ವರ ಎಷ್ಟಿದೆ ಎಂದು ಥರ್ಮಾಮೀಟರು ಹೇಳುತ್ತದೆ, ಯಾವ ಜ್ವರ ಎಂದು ಹೇಳುವುದಿಲ್ಲ, ಸೂಚ್ಯಂಕವೂ ಹಾಗೆಯೇ. ಒಂದಕ್ಕೆ ಮಣ್ಣಿಗೆ ಹೊದಿಕೆ ಬೇಕು, ಇನ್ನೊಂದಕ್ಕೆ ಹೊಗೆಗೆ ಕಡಿವಾಣ ಬೇಕು. ಈ ವ್ಯತ್ಯಾಸವನ್ನು ಮರೆತರೆ ಹಣ ಎಲ್ಲಿ ಹೋಗುತ್ತದೆ ಎಂಬುದಕ್ಕೆ ರಾಷ್ಟ್ರೀಯ ಕಾರ್ಯಕ್ರಮವೇ ನಿದರ್ಶನ. ಅದರಲ್ಲಿ ನಗರಗಳ ಪ್ರಗತಿಯನ್ನು ನೋಡುವುದು ಪಿಎಂ 10ರ ಇಳಿಕೆಯಿಂದ. ಖರ್ಚಾದ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳಿಗೆ, ಅಂದರೆ ಡಾಂಬರು, ಗುಂಡಿ ಮುಚ್ಚುವುದು, ನೀರು ಚಿಮುಕಿಸುವುದು, ಗುಡಿಸುವ ಯಂತ್ರಗಳಿಗೆ ಹೋಯಿತು, ಕೈಗಾರಿಕೆಗಳ ಮಾಲಿನ್ಯಕ್ಕೆ ಶೇ ಒಂದರಷ್ಟೂ ಹೋಗಲಿಲ್ಲ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಹಿಂದೂಪುರಕ್ಕೆ ನಾಳೆ ಮಾಪನ ಬಂದರೆ ಅದು ಎರಡೂ ಗಾತ್ರದ ಕಣಗಳನ್ನು ಬೇರೆ ಬೇರೆಯಾಗಿ, ಗಂಟೆಗಂಟೆಗೆ ಅಳೆಯುವಂಥದ್ದಾಗಿರಬೇಕು.

ಧೂಳು ಈ ಸೀಮೆಗೆ ಹೊಸದೇ, ಅಜ್ಜ ಮುತ್ತಜ್ಜಂದಿರೂ ಇದರಲ್ಲೇ ಬಾಳಲಿಲ್ಲವೇ ಎಂಬುದು ಎರಡನೇ ಆಕ್ಷೇಪ. ಇದರಲ್ಲಿ ಒಪ್ಪಬೇಕಾದ ಅಂಶವಿದೆ. ತೂಕಕ್ಕೆ ತೂಕ ಇಟ್ಟು ನೋಡಿದರೆ ದಪ್ಪ ಮಣ್ಣಿನ ಕಣಕ್ಕಿಂತ ಉರಿದ ವಸ್ತುವಿನ ಸೂಕ್ಷ್ಮ ಮಸಿ ಹೆಚ್ಚು ಅಪಾಯಕಾರಿ ಎಂಬುದರ ಕಡೆಗೇ ಸಾಕ್ಷ್ಯ ವಾಲುತ್ತದೆ. ಆದರೆ ಮಣ್ಣಿನ ಧೂಳು ನಿರುಪದ್ರವಿ ಎಂಬುದು ನಿಜವಲ್ಲ. ಸಹಾರಾ ಮರುಭೂಮಿಯ ಧೂಳು ಸಮುದ್ರ ದಾಟಿ ದಕ್ಷಿಣ ಯೂರೋಪಿನ ನಗರಗಳ ಮೇಲೆ ಬರುವ ದಿನಗಳನ್ನು ಪರಿಶೀಲಿಸಿದ ಸಂಶೋಧಕರು, ಆ ಧೂಳು ಹೆಚ್ಚಿದಂತೆ ಸಾವು ಮತ್ತು ಆಸ್ಪತ್ರೆಗೆ ಸೇರುವವರ ಸಂಖ್ಯೆಯೂ ಹೆಚ್ಚುವುದನ್ನು ಕಂಡಿದ್ದಾರೆ. ಮೇಲಾಗಿ ಇಂದಿನ ಬೀದಿಯ ಧೂಳು ಅಜ್ಜಂದಿರ ಕಾಲದ ಧೂಳಲ್ಲ. ಟೈರು ಸವೆದ ಪುಡಿ, ಬ್ರೇಕಿನ ಲೋಹದ ಕಣ, ಡೀಸೆಲ್ ಮಸಿ, ಸಿಮೆಂಟು ಎಲ್ಲವೂ ಅದರಲ್ಲಿ ಬೆರೆತಿವೆ. ಹೊಲದ ಧೂಳೂ ಕೇವಲ ಪ್ರಕೃತಿಯ ಆಟವಲ್ಲ. ನೆಲವನ್ನು ಬರಿದಾಗಿ ಬಿಡುವ ಬೇಸಾಯದಿಂದ ಬಂದದ್ದು. ಮನುಷ್ಯರಿಂದ ಬಂದದ್ದನ್ನು ಮನುಷ್ಯರು ತಗ್ಗಿಸಬಹುದು. ಆಂಧ್ರದ ಪ್ರಕೃತಿ ಕೃಷಿ ಕಾರ್ಯಕ್ರಮದಲ್ಲಿ ಅನಂತಪುರದ ರೈತರು ಮುಂಗಾರಿಗೂ ಮೊದಲೇ ಹಲವು ಬಗೆಯ ಬೀಜಗಳಿಗೆ ಮಣ್ಣಿನ ಲೇಪ ಕೊಟ್ಟು ಒಣನೆಲದಲ್ಲೇ ಬಿತ್ತಿ, ವರ್ಷದ ಹೆಚ್ಚು ದಿನ ಹೊಲಕ್ಕೆ ಹಸಿರು ಹೊದಿಸುವ ಪದ್ಧತಿಯನ್ನು ಹಿಡಿದಿದ್ದಾರೆ. ಇದನ್ನು ಬೇಸಾಯದ ಸುದ್ದಿಯಾಗಿ ಮಾತ್ರ ಓದುತ್ತೇವೆ. ಪಟ್ಟಣದವರ ಶ್ವಾಸಕೋಶಕ್ಕೂ ಇದು ಸುದ್ದಿ.

ಮೂರನೇ ಆಕ್ಷೇಪವನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. ಬರ ಬಿದ್ದಾಗಲೆಲ್ಲ ಬೆಂಗಳೂರಿಗೆ ಗುಳೆ ಹೋಗುವ ಸೀಮೆ ಇದು. 2019ರಲ್ಲಿ ಪೆನುಕೊಂಡದ ಬಳಿ ಕಾರು ತಯಾರಿಕೆ ಶುರುವಾದ ಮೇಲೆ ಇನ್ನಷ್ಟು ಉದ್ಯಮ ಬರಲಿ ಎಂಬ ಆಸೆ ಚಿಗುರಿದೆ. ಇಂಥ ಹೊತ್ತಿನಲ್ಲಿ ಹೊಗೆಯ ಮಾತೆತ್ತಿದರೆ ಕೆಲಸ ಕಿತ್ತುಕೊಂಡಂತಲ್ಲವೇ? ಆದರೆ ಯಾರೂ ಕಾರ್ಖಾನೆ ಮುಚ್ಚಿ ಎನ್ನುತ್ತಿಲ್ಲ. ಲೋಹ ಕರಗಿಸುವ ಕುಲುಮೆಯ ಮೇಲೆ ಹೊಗೆ ಹೀರುವ ಗೂಡು, ಅದರ ಹಿಂದೆ ಕಣಗಳನ್ನು ಸೋಸುವ ಚೀಲಗಳ ಸಾಲು, ಕ್ರಷರ್‌ಗೆ ಮುಚ್ಚಿಗೆ ಮತ್ತು ನೀರಿನ ತುಂತುರು ಇವೆಲ್ಲ ಹಳೆಯ, ಪಳಗಿದ ತಂತ್ರಗಳು. 1981ರ ವಾಯು ಕಾಯ್ದೆಯಡಿ ಪರವಾನಗಿ ಪಡೆಯುವಾಗ ಉದ್ಯಮಗಳು ಒಪ್ಪಿಕೊಂಡ ಷರತ್ತುಗಳೂ ಇಂಥವೇ. ಇವುಗಳನ್ನು ಹಗಲಿನಂತೆ ರಾತ್ರಿಯೂ ನಡೆಸಿರಿ ಎಂದು ಕೇಳುವುದು ಉದ್ಯಮ ವಿರೋಧವಲ್ಲ. ಹೊಗೆಯನ್ನು ಮೊದಲು ಉಸಿರಾಡುವವರು ಆ ಕಾರ್ಖಾನೆಯ ಕಾರ್ಮಿಕರೇ, ಅದರ ಗೋಡೆಗೆ ತಾಗಿದ ಹಳ್ಳಿಯವರೇ. ಲ್ಯಾನ್ಸೆಟ್‌ನ ಅದೇ ಅಂದಾಜಿನ ಪ್ರಕಾರ ಮಾಲಿನ್ಯದಿಂದಾದ ಸಾವು, ಕಾಯಿಲೆಗಳ ನಷ್ಟ 2019ರಲ್ಲಿ ದೇಶದ ಒಟ್ಟು ಉತ್ಪನ್ನದ ಶೇ 1.36. ದುಡಿಯುವ ವಯಸ್ಸಿನಲ್ಲಿ ಉಸಿರು ಕಟ್ಟಿ ಮೂಲೆ ಹಿಡಿದ ಮನುಷ್ಯನ ಮನೆಗೆ ಈ ಶೇಕಡಾ ಲೆಕ್ಕ ಬೇಕಿಲ್ಲ, ನಷ್ಟ ಅವರಿಗೆ ಪ್ರತಿದಿನ ಗೊತ್ತಾಗುತ್ತಿರುತ್ತದೆ.

ಕೊನೆಯ ಆಕ್ಷೇಪ ಹಣದ್ದು. ನಿರಂತರವಾಗಿ ಅಳೆಯುವ ಪೂರ್ಣ ಪ್ರಮಾಣದ ಕೇಂದ್ರಕ್ಕೆ ಸುಮಾರು ಒಂದು ಕೋಟಿ ರೂಪಾಯಿ ಆಗುತ್ತದೆ ನಿಜ. ಆದರೆ ಗಡಿಯಾಚೆ ಕರ್ನಾಟಕದ ಚಿಕ್ಕಬಳ್ಳಾಪುರದಲ್ಲಿ, ಕೋಲಾರದಲ್ಲಿ ಅಂಥ ಕೇಂದ್ರಗಳಿವೆ. ಚಿಕ್ಕಬಳ್ಳಾಪುರದ ಅಂಕಿಯನ್ನು ಹಿಂದೂಪುರದ್ದೆಂದು ಓದಲಾಗದು. ಮೊಬೈಲು ಆ್ಯಪ್‌ಗಳು ಕೇಂದ್ರವಿಲ್ಲದ ಊರಿಗೂ ತೋರಿಸುವ ಸಂಖ್ಯೆ ಉಪಗ್ರಹ ಮತ್ತು ಗಣಕ ಮಾದರಿಗಳ ಅಂದಾಜು ಮಾತ್ರ. ಹಿಂದೂಪುರಕ್ಕೆ ಒಂದು ಪೂರ್ಣ ಕೇಂದ್ರ, ಕಲ್ಯಾಣದುರ್ಗ, ಮಡಕಶಿರಾಗಳಿಗೆ ಅಗ್ಗದ ಸಂವೇದಕಗಳನ್ನು ಇಟ್ಟು, ಅವುಗಳನ್ನು ಪೂರ್ಣ ಕೇಂದ್ರದ ಅಳತೆಯೊಂದಿಗೆ ಆಗಾಗ ಹೊಂದಿಸಿಕೊಳ್ಳುವುದು ಜಿಲ್ಲಾಡಳಿತಗಳ ಶಕ್ತಿಗೆ ಮೀರಿದ್ದಲ್ಲ. ಹಿಂದೂಪುರದ ಸರ್ಕಾರಿ ಆಸ್ಪತ್ರೆ, ಕಲ್ಯಾಣದುರ್ಗದ ಆರ್‌ಡಿಟಿ ಸೇವಾಸಂಸ್ಥೆಯ ಆಸ್ಪತ್ರೆಗಳಂಥ ಕಡೆ ಉಸಿರಾಟದ ತೊಂದರೆಯಿಂದ ಬಂದವರ ವಾರದ ಸಂಖ್ಯೆಯನ್ನು, ಹೆಸರುಗಳಿಲ್ಲದೆ, ಆ ವಾರದ ಗಾಳಿಯ ಅಂಕಿಯ ಪಕ್ಕದಲ್ಲಿ ಬರೆದಿಟ್ಟರೆ ಎರಡು ಮೂರು ವರ್ಷಗಳಲ್ಲಿ ನಮ್ಮದೇ ಸಾಕ್ಷ್ಯ ಕೈಗೆ ಬರುತ್ತದೆ. ಯಂತ್ರ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಬಯಲಲ್ಲಿ ಕಸ ಸುಟ್ಟರೆ ಐದು ಸಾವಿರ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ ಇಪ್ಪತ್ತೈದು ಸಾವಿರ ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ದಂಡಕ್ಕಿಂತ ಮುಖ್ಯವಾದದ್ದು ಕಸದ ಗಾಡಿ ದಿನವೂ ಹೊತ್ತಿಗೆ ಸರಿಯಾಗಿ ಬರುವುದು. ಗಾಡಿ ಬರದ ಬೀದಿಯಲ್ಲೇ ಬೆಂಕಿ ಬೀಳುತ್ತದೆ. ಟಿಪ್ಪರ್‌ಗೆ ಟಾರ್ಪಾಲು ಹೊದಿಸಲು, ನೂಲು ತೆಗೆಯುವವರಿಗೆ ಹೊಗೆ ಕಡಿಮೆ ಮಾಡುವ ಒಲೆಗೆ ನೆರವು ಕೊಡಲು, ಮುಂಜಾನೆ ಗುಡಿಸುವವರಿಗೆ ಬಟ್ಟೆಯ ತುಂಡಿನ ಬದಲು ಎನ್-95 ಮಾಸ್ಕ್ ಕೊಡಲು ಯಾವ ಸೂಚ್ಯಂಕದ ಅಪ್ಪಣೆಯೂ ಬೇಕಿಲ್ಲ.

ಕೆಲವು ವೇಳೆ ಅಂಕಿ ಬಂದರೆ ಊರಿಗೆ ಕೆಟ್ಟ ಹೆಸರು, ಬಂಡವಾಳ ಹಿಂಜರಿಯುತ್ತದೆ ಎಂಬ ಅಂಜಿಕೆ ಆಡಳಿತದಲ್ಲಿರುತ್ತದೆ. ಅಳತೆ ತರುವುದು ಕೆಟ್ಟ ಹೆಸರನ್ನಲ್ಲ, ಆಯ್ಕೆಯನ್ನು. ಯಾವ ತಿಂಗಳು, ಯಾವ ಹೊತ್ತು, ಯಾವ ಕಡೆಯ ಗಾಳಿ ಬೀಸಿದಾಗ ಅಂಕಿ ಏರುತ್ತದೆ ಎಂದು ಗೊತ್ತಾದರೆ ಶಾಲೆಯ ಆಟದ ಹೊತ್ತನ್ನು ಬದಲಿಸಬಹುದು, ತಪಾಸಣೆಯನ್ನು ಸರಿಯಾದ ಚಿಮಣಿಯ ಮುಂದೆ ನಿಲ್ಲಿಸಬಹುದು, ಉದ್ಯಮದ ಮೇಲೆ ಸುಳ್ಳು ಆರೋಪ ಬಂದರೆ ಅದನ್ನು ತಳ್ಳಿಹಾಕಲೂಬಹುದು. ಅಳತೆ ಇಲ್ಲದಿದ್ದರೆ ಎರಡೂ ಕಡೆಯವರ ಬಳಿ ಉಳಿಯುವುದು ಊಹೆ ಮಾತ್ರ, ಊಹೆಗಳ ಜಗಳದಲ್ಲಿ ಯಾವಾಗಲೂ ಸೋಲುವುದು ಬಡವರ ಎದೆ. ಮುಂದಿನ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಬರುವ ವಾರ್ಡ್ ಅಭ್ಯರ್ಥಿಯನ್ನು ರಸ್ತೆ, ಚರಂಡಿ, ನೀರಿನ ಜೊತೆಗೆ ಇನ್ನೊಂದನ್ನೂ ಕೇಳೋಣ: ನಮ್ಮ ಊರಿನ ಗಾಳಿಯನ್ನು ಯಾವಾಗಿನಿಂದ ಅಳೆಯುತ್ತೀರಿ, ಆ ಅಂಕಿಯನ್ನು ಎಲ್ಲಿ ಬರೆದು ಹಾಕುತ್ತೀರಿ?